ಶ್ರಾವಣದ ಸಾಲ, ಕೂಸಿನ ತೂಕ

ಐದು ವರ್ಷ ತುಂಬುವ ಮೊದಲೇ ಕೂಸು ತೀರಿಕೊಂಡರೆ ‘ಮರಣದ ಕಾರಣ’ ಎಂಬಲ್ಲಿ ರೋಗದ ಹೆಸರು ಬರೆಯುತ್ತಾರೆ: ನ್ಯುಮೋನಿಯಾ, ಭೇದಿ, ಕಡಿಮೆ ತೂಕ, ನಂಜು. ಅದು ಸುಳ್ಳೇನಲ್ಲ. ಆದರೆ ಅದೇ ನ್ಯುಮೋನಿಯಾ ಕಲಬುರಗಿ ನಗರದಲ್ಲಿ ತಿಂಗಳ ಪಗಾರ ಬರುವ ಮನೆಯ ಕೂಸಿಗೂ ಬರುತ್ತದೆ. ಅದು ಐದು ದಿನ ಔಷಧ ಕುಡಿದು ಆರನೇ ದಿನ ಆಡಲಿಕ್ಕೆ ಹೋಗುತ್ತದೆ. ಸುರಪುರದ ಆಚೆಯ ಹಳ್ಳಿಯ ಕೂಸೋ ಚಿಂಚೋಳಿ ಕಡೆಯ ತಾಂಡಾದ ಕೂಸೋ ಆದರೆ ಆಸ್ಪತ್ರೆ ಮುಟ್ಟುವುದು ಮೂರನೇ ದಿನ, ತುಟಿ ನೀಲಿಗಟ್ಟಿದ ಮೇಲೆ. ನಡುವಿನ ಆ ದಿನಗಳು ಎಲ್ಲಿ ಹೋದವು ಎಂದು ಕೆದಕಿದರೆ ಮನೆಯ ರೊಕ್ಕದ ಲೆಕ್ಕಕ್ಕೆ ಬಂದು ನಿಲ್ಲುತ್ತೇವೆ. ವರ್ಷಕ್ಕೆ ಎಷ್ಟು ಗಳಿಸುತ್ತಾರೆ ಎಂಬುದಕ್ಕಿಂತ ಯಾವ ತಿಂಗಳು ಕೈಯಲ್ಲಿ ಎಷ್ಟಿರುತ್ತದೆ ಎಂಬ ಲೆಕ್ಕ ಅದು.

ನಮ್ಮ ಕಡೆಯ ಒಣಬೇಸಾಯದ ಮನೆಗೆ ರೊಕ್ಕ ಬರುವುದು ವರ್ಷಕ್ಕೆ ಎರಡೋ ಮೂರೋ ಸಲ. ಮಿರಗ ಮಳೆಗೆ ಬಿತ್ತಿದ ಹೆಸರು, ಉದ್ದು ಆಗಸ್ಟ್ ಕೊನೆಗೋ ಸೆಪ್ಟೆಂಬರಿಗೋ ಬಂದರೆ ಒಂದಿಷ್ಟು ಕೈಗೆ ಸಿಗುತ್ತದೆ. ತೊಗರಿ ಬರುವುದು ಡಿಸೆಂಬರ್-ಜನವರಿಗೆ. ಹಿಂಗಾರಿ ಬಿಳಿಜೋಳ ಫೆಬ್ರವರಿ-ಮಾರ್ಚಿಗೆ, ಅದೂ ಬಹುಪಾಲು ಮನೆಯಲ್ಲಿ ಉಣ್ಣಲಿಕ್ಕೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಭಜ್ಜಿ, ಸಜ್ಜಿ ರೊಟ್ಟಿ, ಕಡುಬು ಎಂದು ಬಂಧುಬಳಗವೆಲ್ಲ ಸುತ್ತ ಕೂತು ಉಣ್ಣುವ ಅದೇ ಮನೆಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಜೋಳದ ಚೀಲ ತಳ ಕಂಡಿರುತ್ತದೆ. ಬೀಜ-ಗೊಬ್ಬರಕ್ಕೆ ಸಾಲ ಆಗಿರುತ್ತದೆ, ಕಿರಾಣಿ ಅಂಗಡಿಯಲ್ಲಿ ಉದ್ರಿ ಏರಿರುತ್ತದೆ. ಆ ಮೂರು ತಿಂಗಳಲ್ಲೇ ಹೊಸ ನೀರು ಬಂದು ಭೇದಿ ಹೆಚ್ಚುತ್ತದೆ, ಆಗಲೇ ಕಳೆ ತೆಗೆಯಲಿಕ್ಕೆ ಹೆಂಗಸರ ಕೈ ಹೊಲಕ್ಕೆ ಬೇಕೇಬೇಕು. ಹಸಿವು, ರೋಗ, ದುಡಿಮೆ, ಸಾಲ ನಾಲ್ಕೂ ಒಂದೇ ಕಾಲಕ್ಕೆ ಮೈಮೇಲೆ ಬೀಳುತ್ತವೆ. ಮಕ್ಕಳ ಸಾವಿನ ಮಾತು ಬಂದಾಗ ‘ಜನರಿಗೆ ಅರಿವಿಲ್ಲ’ ಎಂದು ಕೈತೊಳೆದುಕೊಳ್ಳುವವರ ಜತೆ ನನ್ನ ತಕರಾರು ಇರುವುದು ಇಲ್ಲಿಯೇ.

ಮೊದಲು ಸ್ವಲ್ಪ ಅಂಕಿಗಳು. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಜೀವಂತ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 25.4 ಮಕ್ಕಳು ವರ್ಷ ತುಂಬುವ ಮೊದಲು, 29.5 ಮಕ್ಕಳು ಐದು ವರ್ಷ ತುಂಬುವ ಮೊದಲು ಸಾಯುತ್ತಿದ್ದರು. ದೇಶದ ಮಟ್ಟದಲ್ಲಿ ಐದು ವರ್ಷದೊಳಗಿನ ಅಂಕಿ 41.9. ರಾಜ್ಯದ ಅಂಕಿಯೊಳಗೆ ಇನ್ನೊಂದಿದೆ: ಮೊದಲ 28 ದಿನಗಳಲ್ಲೇ 15.8. ಅಂದರೆ ವರ್ಷದೊಳಗಿನ ಐದು ಸಾವಿನಲ್ಲಿ ಮೂರು ಬಾಣಂತಿ ಕೋಣೆಯಿಂದ ಹೊರಬರುವ ಮೊದಲೇ ಆಗಿಹೋಗುತ್ತವೆ. ಅದೇ ಸಮೀಕ್ಷೆಯಲ್ಲಿ ಯಾದಗಿರಿ ಜಿಲ್ಲೆಯ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ. ಜಗತ್ತಿನಾದ್ಯಂತ ಐದು ವರ್ಷದೊಳಗಿನ ಸಾವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರ ಹಿಂದೆ ಪೌಷ್ಟಿಕಾಂಶದ ಕೊರತೆ ಇರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭೇದಿ, ನ್ಯುಮೋನಿಯಾ ಕೊಲ್ಲುವುದು ಹೆಚ್ಚಾಗಿ ಮೊದಲೇ ಸೊರಗಿದ ಮೈಯನ್ನು.

ಬಡತನ ತಾನಾಗಿ ಯಾವ ಕೂಸನ್ನೂ ಕೊಲ್ಲುವುದಿಲ್ಲ, ಮೈಯೊಳಗೆ ಇಳಿಯಲಿಕ್ಕೆ ಅದಕ್ಕೆ ದಾರಿ ಬೇಕು. 1984ರಲ್ಲಿ ಮಾಸ್ಲಿ ಮತ್ತು ಚೆನ್ ಎಂಬ ಇಬ್ಬರು ಸಂಶೋಧಕರು ಅಂಥ ಐದು ದಾರಿಗಳನ್ನು ಗುರುತಿಸಿದರು: ತಾಯಿಯ ವಯಸ್ಸು ಮತ್ತು ಹೆರಿಗೆಗಳ ಅಂತರ, ನೀರು-ಗಾಳಿ-ಕೈಗಳ ಹೊಲಸು, ಆಹಾರದ ಕೊರತೆ, ಪೆಟ್ಟು, ಮತ್ತು ರೋಗ ಬಂದಾಗ ಮನೆಯವರು ಏನು ಮಾಡುತ್ತಾರೆ ಎಂಬುದು. ಇಂದಿಗೂ ಇದಕ್ಕಿಂತ ಒಳ್ಳೆಯ ಚೌಕಟ್ಟು ನನಗೆ ಕಂಡಿಲ್ಲ. ನಮ್ಮ ಕಡೆಯ ಜಿಲ್ಲೆಗಳಲ್ಲಿ ಮೊದಲನೇ ದಾರಿಯೇ ಅಗಲವಾಗಿದೆ. ಹದಿನೆಂಟು ತುಂಬುವ ಮೊದಲೇ ಮದುವೆ, ಎರಡು ವರ್ಷದ ಅಂತರವೂ ಇಲ್ಲದೆ ಎರಡನೇ ಬಸಿರು. ‘ಈಗಲೇ ಮಾಡಿದರೆ ಖರ್ಚು ಕಡಿಮೆ, ಅಕ್ಕನ ಮದುವೆಯ ಚಪ್ಪರದಲ್ಲೇ ತಂಗಿಯದೂ ಮುಗಿಯುತ್ತದೆ’ ಎಂಬುದು ಆ ಮನೆಯ ಮಟ್ಟಿಗೆ ಸರಿಯಾದ ಲೆಕ್ಕವೇ. ಅದರ ಬೆಲೆ ಕಟ್ಟುವುದು 2,500 ಗ್ರಾಂಗಿಂತ ಕಡಿಮೆ ತೂಕದಲ್ಲಿ ಹುಟ್ಟುವ ಕೂಸು.

ಹುಟ್ಟುವ ತೂಕಕ್ಕೂ ಕ್ಯಾಲೆಂಡರಿಗೂ ಎಷ್ಟು ನಂಟಿದೆ ಎಂಬುದನ್ನು ಪಶ್ಚಿಮ ಆಫ್ರಿಕದ ಗ್ಯಾಂಬಿಯಾದಲ್ಲಿ ಅಳೆದು ನೋಡಿದ್ದಾರೆ. ಅಲ್ಲೂ ಮಳೆಗಾಲವೆಂದರೆ ಹಸಿವಿನ ಕಾಲ, ಹೆಂಗಸರ ಹೊಲಗೆಲಸದ ಕಾಲ. ಬಸುರಿಯರಿಗೆ ಸುಮಾರು ಐದನೇ ತಿಂಗಳಿನಿಂದ ದಿನಕ್ಕೆ ಸಾವಿರ ಕ್ಯಾಲೊರಿಯಷ್ಟು ಶಕ್ತಿ ಕೊಡುವ ಶೇಂಗಾ ಬಿಸ್ಕತ್ತು ಕೊಟ್ಟರು. ಸುಗ್ಗಿಯ ಕಾಲದಲ್ಲಿ ಹುಟ್ಟಿದ ಕೂಸುಗಳ ತೂಕ ಸರಾಸರಿ 94 ಗ್ರಾಂ ಏರಿತು. ಹಸಿವಿನ ಕಾಲದಲ್ಲಿ ಹುಟ್ಟಿದವುಗಳ ತೂಕ 201 ಗ್ರಾಂ ಏರಿತು. ಬಿಸ್ಕತ್ತು ಅದೇ, ತಿಂಗಳು ಬೇರೆ. ಶೇಂಗಾ ಹಿಂಡಿ, ಶೇಂಗಾ ಉಂಡೆ ನಮ್ಮ ಮನೆಗಳಿಗೆ ಹೊಸದಲ್ಲ. ಆದರೆ ಶ್ರಾವಣದಲ್ಲಿ ಬಸುರಿಯ ತಟ್ಟೆಗೆ ಬರುವ ಹಿಂಡಿ ರೊಟ್ಟಿಗೆ ಹಚ್ಚಿಕೊಳ್ಳುವಷ್ಟೇ. ಅದನ್ನು ಮುಷ್ಟಿಯ ಲೆಕ್ಕಕ್ಕೆ ಏರಿಸಬೇಕಾದ್ದು ಅದೇ ತಿಂಗಳುಗಳಲ್ಲಿ.

ರಕ್ತಹೀನತೆಯ ವಿಷಯದಲ್ಲಿ ಗುಳಿಗೆ ಕೊಟ್ಟ ಲೆಕ್ಕ ಒಂದು, ಮೈಗೆ ಹತ್ತಿದ ಲೆಕ್ಕ ಇನ್ನೊಂದು. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ಕಬ್ಬಿಣದ ಗುಳಿಗೆ, ಹೆರಿಗೆಯ ನಂತರ ಮತ್ತೆ 180. ಒಂದೊಂದರಲ್ಲೂ 60 ಮಿ.ಗ್ರಾಂ ಕಬ್ಬಿಣ. ಆದರೆ ಉಂಡ ಕೂಡಲೇ ಚಾ ಕುಡಿಯುವುದು ನಮ್ಮ ಕಡೆಯ ರೂಢಿ. ಚಾದೊಳಗಿನ ಒಗರು ಕಬ್ಬಿಣವನ್ನು ಹಿಡಿದಿಟ್ಟು ಮೈಗೆ ಹೋಗಗೊಡುವುದಿಲ್ಲ. ಕ್ಯಾಲ್ಸಿಯಂ ಗುಳಿಗೆಯನ್ನು ಜತೆಗೇ ನುಂಗಿದರೂ ಅದೇ ಗತಿ. ಕ್ಯಾಲ್ಸಿಯಂ ಬೆಳಿಗ್ಗೆ ಮತ್ತು ಮಧ್ಯಾಹ್ನ ಊಟದ ಜತೆ, ಕಬ್ಬಿಣ ರಾತ್ರಿ ಉಂಡು ಎರಡು ತಾಸಾದ ಮೇಲೆ, ಒಂದು ಹೋಳು ನಿಂಬೆರಸದ ನೀರಿನಲ್ಲಿ. ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳಸುತ್ತದೆ ಎಂದು ಮೊದಲೇ ಹೇಳದಿದ್ದರೆ ನಾಲ್ಕನೇ ದಿನಕ್ಕೆ ಗುಳಿಗೆಯ ಪಟ್ಟಿ ಮಾಡದ ಮೂಲೆ ಸೇರುತ್ತದೆ. ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿಳಿದಿದ್ದರೆ ಗುಳಿಗೆ ನೆಚ್ಚಿ ಕೂರುವಂತಿಲ್ಲ, ದೊಡ್ಡ ಆಸ್ಪತ್ರೆಯೇ ಗತಿ.

ಅಂಗನವಾಡಿಯಲ್ಲಿ ಬಸುರಿ-ಬಾಣಂತಿಯರಿಗೆ ದಿನಕ್ಕೊಂದು ಬಿಸಿಯೂಟ ಕೊಡುವ ಮಾತೃಪೂರ್ಣ 2017ರ ಅಕ್ಟೋಬರ್‌ನಿಂದ ಇದೆ. ಯೋಜನೆ ಒಳ್ಳೆಯದೇ. ಆದರೆ ಊಟದ ಹೊತ್ತಿಗೆ ಬಸುರಿ ಎರಡು ಮೈಲಿ ದೂರದ ಹೊಲದಲ್ಲಿ ಕಳೆ ತೆಗೆಯುತ್ತಿರುತ್ತಾಳೆ. ಬಾಣಂತಿಯನ್ನಂತೂ ತಿಂಗಳೊಪ್ಪತ್ತು ಹೊಸ್ತಿಲು ದಾಟಗೊಡುವುದಿಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದಿರುವವಳ ಖಾತೆಗೆ ಬೀಳುತ್ತದೆ. ಕೂಡುಕುಟುಂಬದಲ್ಲಿ ಆಕೆ ಅತ್ತೆ. ಅತ್ತೆ ಕೆಟ್ಟವಳೆಂದಲ್ಲ, ಆ ರೊಕ್ಕ ಮೊದಲು ವಾರದ ಸಂಘದ ಕಂತಿಗೆ ಹೋಗುತ್ತದೆ ಅಷ್ಟೇ.

ಹುಟ್ಟಿದ ಮೇಲಿನ ಮೊದಲ ವಾರ ಕಡಿಮೆ ತೂಕದ ಕೂಸಿಗೆ ದೊಡ್ಡ ವೈರಿ ಚಳಿ. ಕಲಬುರಗಿಯ ಬಿಸಿಲಲ್ಲಿ ಚಳಿಯೇ ಎಂದು ನಗಬೇಡಿ. ಡಿಸೆಂಬರಿನ ರಾತ್ರಿಯೂ ಉಂಟು, ಹುಟ್ಟಿದ ಕೂಡಲೇ ಎರೆಯುವ ರೂಢಿಯೂ ಉಂಟು. ಮೊದಲ 24 ತಾಸು ಕೂಸಿಗೆ ಸ್ನಾನ ಬೇಡ. ಕಡಿಮೆ ತೂಕದ್ದಾದರೆ ಇನ್ನೂ ತಡೆಯಬೇಕು. ಕೈಯ ಹಿಂಬದಿಯಿಂದ ಮೊದಲು ಕೂಸಿನ ಹೊಟ್ಟೆ, ಆಮೇಲೆ ಅಂಗಾಲು ಮುಟ್ಟಿ ನೋಡಿ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಕೂಸು ಹಾಲಿನ ಶಕ್ತಿಯನ್ನೆಲ್ಲ ಮೈ ಕಾಯಿಸಿಕೊಳ್ಳಲಿಕ್ಕೇ ಸುಡುತ್ತಿದೆ. ಎರಡೂ ತಣ್ಣಗಿದ್ದರೆ ತಡಮಾಡುವಂತಿಲ್ಲ. ಔಷಧಿ ಅಂಗಡಿಯಲ್ಲಿ ಸಿಗದ, ಕಾಸೂ ಬೇಡದ ಉಪಾಯವೆಂದರೆ ಕಾಂಗರೂ ಆರೈಕೆ: ಟೋಪಿ, ಕಾಲುಚೀಲ, ಲಂಗೋಟಿ ಮಾತ್ರ ತೊಡಿಸಿ, ಉಳಿದಂತೆ ಬರಿಮೈಯ ಕೂಸನ್ನು ತಾಯಿಯ ಎದೆಗೆ ನೆಟ್ಟಗೆ ಅಂಟಿಸಿ, ಮೇಲೆ ಸೀರೆಯ ಬಟ್ಟೆ ಬಿಗಿದು, ದಿನಕ್ಕೆ ಎಂಟು ತಾಸಿಗೆ ಕಡಿಮೆಯಾಗದಂತೆ ಇಡುವುದು. ಮನೆಗೆಲಸ ಬಾಣಂತಿಯ ಮೇಲೆಯೇ ಇದ್ದರೆ ಎಂಟು ತಾಸು ಎಲ್ಲಿಂದ ಬರಬೇಕು? ಅಪ್ಪನ ಎದೆಯೂ ಅಜ್ಜಿಯ ಎದೆಯೂ ಅಷ್ಟೇ ಬೆಚ್ಚಗಿರುತ್ತವೆ ಎಂದು ಹೇಳಿಕೊಡಬೇಕು. ಆಸ್ಪತ್ರೆಗೆ ಒಯ್ಯುವಾಗಲೂ ಕೂಸು ಹೀಗೇ ಎದೆಗಂಟಿಕೊಂಡು ಹೋಗಬೇಕು. ಟವೆಲ್ಲಿನಲ್ಲಿ ಸುತ್ತಿಕೊಂಡು ಟಂಟಂನಲ್ಲಿ ಹೋದರೆ ಮುಟ್ಟುವ ಹೊತ್ತಿಗೆ ಕೂಸು ತಣ್ಣಗಾಗಿರುತ್ತದೆ.

ಬಾಣಂತಿಯ ಹೊರಸಿನ ಕೆಳಗೆ ಕೆಂಡ ಇಡುವುದು, ಲೋಬಾನದ ಹೊಗೆ ಹಾಕುವುದು ಕೂಸಿಗೆ ಕಾವಿಗಿಂತ ಹೊಗೆಯನ್ನೇ ಹೆಚ್ಚು ಕೊಡುತ್ತವೆ. ಮೇ ತಿಂಗಳಲ್ಲಿ ಕಿಟಕಿ ಮುಚ್ಚಿ ಇದನ್ನು ಮಾಡಿದರೆ ಕೂಸಿಗೆ ಜ್ವರವೇ ಬರುತ್ತದೆ. ಹೊಕ್ಕುಳಿಗೆ ಅರಿಶಿನ-ಬೂದಿ, ಕಿವಿ-ಮೂಗಿಗೆ ಎಣ್ಣೆ, ಕಾಮಾಲೆಗೆ ಬರೆ ಇವೆಲ್ಲ ಬೇಡವೇ ಬೇಡ. ಗಿಬ್ಬಹಾಲು, ಅಂದರೆ ಹೆರಿಗೆಯಾದ ಕೂಡಲೇ ಬರುವ ಗಟ್ಟಿ ಹಳದಿ ಹಾಲು, ಹಿಂಡಿ ಚೆಲ್ಲಬಾರದು, ಹುಟ್ಟಿದ ಒಂದು ತಾಸಿನೊಳಗೆ ಅದನ್ನೇ ಕುಡಿಸಬೇಕು. ಚೀಪಲಾರದ ಕೂಸಿಗೆ ತಾಯಿಯ ಹಾಲನ್ನು ಹಿಂಡಿ ಒಳಲೆಯಲ್ಲಿ ಎರಡು ತಾಸಿಗೊಮ್ಮೆ ಕುಡಿಸಬೇಕು, ಬಾಟಲಿ ಬೇಡ.

ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ಕೂಸಿನ ತೂಕ, ಕಾವು, ಉಸಿರು ನೋಡಬೇಕು. ಈ ಪದ್ಧತಿ ಹುಟ್ಟಿದ್ದು ಮಹಾರಾಷ್ಟ್ರದ ಗಡಚಿರೋಲಿಯಲ್ಲಿ. ಅಭಯ್ ಮತ್ತು ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು ನವಜಾತ ಶಿಶುಗಳ ಸಾವನ್ನು ಮೂರನೇ ವರ್ಷದ ಹೊತ್ತಿಗೆ ಶೇ. 62ರಷ್ಟು ಇಳಿಸಿದರು. ನಮ್ಮಲ್ಲಿ ಇದು ಸೋರುವುದು ತವರುಮನೆಯ ದಾರಿಯಲ್ಲಿ. ಚೊಚ್ಚಲ ಹೆರಿಗೆ ತವರಲ್ಲಿ. ಗಂಡನ ಊರಿನ ಆಶಾ ಪುಸ್ತಕದಲ್ಲಿ ಹೆಸರು ಇರುತ್ತದೆ, ಕೂಸು ಇರುವುದಿಲ್ಲ. ತವರೂರಿನ ಆಶಾಗೆ ಕೂಸು ಕಾಣುತ್ತದೆ, ಪುಸ್ತಕದಲ್ಲಿ ಹೆಸರಿಲ್ಲ. ಏಳನೇ ತಿಂಗಳಲ್ಲಿ ತವರಿಗೆ ಹೊರಡುವಾಗಲೇ ತಾಯಿ ಕಾರ್ಡ್ ಒಯ್ದು ಅಲ್ಲಿನ ಸಿಸ್ಟರ್ ಹತ್ತಿರ ಬರೆಸಿದರೆ ಈ ತೂತು ಮುಚ್ಚುತ್ತದೆ.

ಇನ್ನು ಭೇದಿ. ಕೂಸಿನ ನೆತ್ತಿ ಒಳಸೇರಿದ್ದನ್ನು ಕಂಡು ‘ನೆತ್ತಿ ಬಿದ್ದದ’ ಎಂದು ಅಜ್ಜಿ ಎಣ್ಣೆ ಒತ್ತುತ್ತಾಳೆ. ಅವಳು ಕಂಡ ಲಕ್ಷಣ ಸರಿಯಾದದ್ದೇ, ಮೈಯ ನೀರು ಬತ್ತಿದೆ ಎಂದೇ ಅದರ ಅರ್ಥ. ಬೇಕಾದ್ದು ಎಣ್ಣೆಯಲ್ಲ, ಓಆರ್‌ಎಸ್. ದೊಡ್ಡ ಪೊಟ್ಟಣದಲ್ಲಿ 20.5 ಗ್ರಾಂ ಪುಡಿ ಇರುತ್ತದೆ, ಅದು ಸರಿಯಾಗಿ ಒಂದು ಲೀಟರ್ ನೀರಿಗೆ. ಮನೆಮನೆಯಲ್ಲಿ ಆಗುವ ತಪ್ಪು ಇಲ್ಲೇ. ಲೋಟಕ್ಕೆ ಪೂರ್ತಿ ಪೊಟ್ಟಣ ಸುರಿದರೆ ಉಪ್ಪು ನಾಲ್ಕೈದು ಪಟ್ಟಾಗಿ ಕೂಸಿಗೆ ಫಿಟ್ಸ್ ಬರಬಹುದು. ಉಳಿಸಲೆಂದು ಚಿಟಿಕೆ ಚಿಟಿಕೆ ಹಾಕಿದರೆ ಬರೀ ನೀರು ಕುಡಿಸಿದಂತೆ. ಲೀಟರ್ ಅಳತೆಗೆ ನೀರಿನ ಖಾಲಿ ಬಾಟಲಿ ಸಾಕು. ಸಣ್ಣ ಪೊಟ್ಟಣವಾದರೆ 200 ಮಿ.ಲೀ. ನೀರಿಗೆ, ಮೇಲೆ ಬರೆದಿರುತ್ತದೆ. ಕಲಸಿದ್ದು 24 ತಾಸಿನ ನಂತರ ಚೆಲ್ಲಬೇಕು. ಎರಡು ವರ್ಷದೊಳಗಿನ ಕೂಸಿಗೆ ಪ್ರತಿ ಸಲ ನೀರಾಗಿ ಹೋದ ಮೇಲೆ 50ರಿಂದ 100 ಮಿ.ಲೀ., ಚಮಚದಿಂದ. ಕಾರಿಕೊಂಡರೆ ಹತ್ತು ನಿಮಿಷ ತಡೆದು ಮತ್ತೆ, ಇನ್ನೂ ನಿಧಾನಕ್ಕೆ. ಕಣ್ಣು ಗುಳಿಬಿದ್ದು ಚಡಪಡಿಸುತ್ತ ನೀರಿಗೆ ಹಾತೊರೆಯುತ್ತಿದ್ದರೆ ನಾಲ್ಕು ತಾಸಿನಲ್ಲಿ ಕಿಲೋ ತೂಕಕ್ಕೆ 75 ಮಿ.ಲೀ.ನಂತೆ, ಎಂಟು ಕಿಲೋ ಕೂಸಿಗೆ 600 ಮಿ.ಲೀ. ಹೋಗಬೇಕು. ಅದನ್ನು ಆರೋಗ್ಯ ಕೇಂದ್ರದಲ್ಲಿ ಕೂತು ಮಾಡುವುದು ಲೇಸು. ಮಂಕಾಗಿ ಬಿದ್ದಿದ್ದರೆ, ಕುಡಿಯಲಾರದಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ಮಡಿಕೆ ಎರಡು ಸೆಕೆಂಡು ದಾಟಿದರೂ ಹಾಗೇ ನಿಂತಿದ್ದರೆ ನೇರ ಆಸ್ಪತ್ರೆಗೆ, ದಾರಿಯುದ್ದಕ್ಕೂ ಗುಟುಕು ಸಾಗುವಷ್ಟು ಕುಡಿಸುತ್ತ.

ಜತೆಗೆ ಜಿಂಕ್: ಎರಡರಿಂದ ಆರು ತಿಂಗಳ ಕೂಸಿಗೆ ದಿನಕ್ಕೆ 10 ಮಿ.ಗ್ರಾಂ, ಅದಕ್ಕಿಂತ ದೊಡ್ಡದಕ್ಕೆ 20 ಮಿ.ಗ್ರಾಂ, ಹದಿನಾಲ್ಕು ದಿನ. ಮೂರನೇ ದಿನಕ್ಕೆ ಭೇದಿ ನಿಲ್ಲುತ್ತದೆ, ಅಂದೇ ಮನೆಯವರು ಗುಳಿಗೆಯನ್ನೂ ನಿಲ್ಲಿಸಿಬಿಡುತ್ತಾರೆ, ಅದು ತಪ್ಪು. ಉಳಿದ ಹನ್ನೊಂದು ದಿನದ ಗುಳಿಗೆ ಮುಂದಿನ ಎರಡು ಮೂರು ತಿಂಗಳ ಭೇದಿಯನ್ನು ತಡೆಯಲಿಕ್ಕೆ. ಶ್ರಾವಣದಲ್ಲಿ ಶುರುಮಾಡಿದ್ದು ದಸರೆಯವರೆಗೆ ಕಾಯುತ್ತದೆ ಎಂದು ಹೇಳಿದರೆ ಜನ ಮುಗಿಸುತ್ತಾರೆ. ಅಂಗಡಿಯ ಡಬ್ಬಿ ಪಾನೀಯದ ಮೇಲೆ ಓಆರ್‌ಎಸ್ ಎಂದು ಬರೆದು ಸಕ್ಕರೆ ನೀರು ಮಾರುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ನಿಲ್ಲಿಸಿತು. ಹಳೆಯ ಡಬ್ಬಿ ಕಂಡರೆ ಕೊಳ್ಳಬೇಡಿ, ಅತಿಯಾದ ಸಕ್ಕರೆ ಭೇದಿಯನ್ನು ಹೆಚ್ಚಿಸುತ್ತದೆ.

ಕೆಮ್ಮು-ನೆಗಡಿಯಲ್ಲಿ ಭಯ ಪಡಬೇಕಾದ್ದು ಯಾವಾಗ ಎಂಬುದಕ್ಕೆ ಉಸಿರು ಎಣಿಸುವುದೇ ಮೊದಲ ದಾರಿ. ಕೂಸು ಅಳದೆ, ಹಾಲು ಕುಡಿಯದೆ ಸುಮ್ಮನಿರುವಾಗ ಅಂಗಿ ಎತ್ತಿ, ಮೊಬೈಲ್ ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡರಿಂದ ಹನ್ನೆರಡು ತಿಂಗಳಿಗೆ 50, ಒಂದರಿಂದ ಐದು ವರ್ಷಕ್ಕೆ 40. ಅಷ್ಟಾದರೆ, ಅಥವಾ ಮೀರಿದರೆ ನ್ಯುಮೋನಿಯಾ ಎಂದೇ ತಿಳಿಯಬೇಕು. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಹೋಗುತ್ತಿದ್ದರೆ ಇನ್ನೂ ಕೆಟ್ಟದು. ಒಲೆಯ ಮಾತೂ ಇಲ್ಲೇ ಬರುತ್ತದೆ. ಮನೆಯೊಳಗಿನ ಹೊಗೆ ಮಕ್ಕಳ ಶ್ವಾಸಕೋಶದ ಸೋಂಕಿನ ಅಪಾಯವನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡುತ್ತದೆ. ಉಜ್ವಲಾ ಸಿಲಿಂಡರ್ ಮೂಲೆಯಲ್ಲಿದ್ದರೂ ತೊಗರಿ ಕಟ್ಟಿಗೆ ಹೊಲದಲ್ಲಿ ಪುಕ್ಕಟೆ ಸಿಗುತ್ತದೆ. ಗ್ಯಾಸ್ ಚಾಕ್ಕೆ, ಒಲೆ ರೊಟ್ಟಿಗೆ. ರೊಟ್ಟಿ ಬಡಿಯುವ ಒಂದೂವರೆ ತಾಸು ಕೂಸು ತಾಯಿಯ ಮಗ್ಗುಲಲ್ಲೇ ಇರುತ್ತದೆ. ಒಲೆ ಬಿಡಿಸಲಾಗದಿದ್ದರೆ ಕೂಸನ್ನಾದರೂ ಪಡಸಾಲೆಗೆ ಕಳಿಸಿ.

ಸರಕಾರಿ ದವಾಖಾನೆಯಲ್ಲಿ ವರ್ಷದೊಳಗಿನ ಕೂಸಿನ ಚಿಕಿತ್ಸೆ, ಔಷಧ, ವಾಹನ ಎಲ್ಲ ಪುಕ್ಕಟೆ, ಶಿಶು ಸುರಕ್ಷಾ ಕಾರ್ಯಕ್ರಮದ ನಿಯಮವೇ ಇದೆ. ಶಕ್ತಿ ಯೋಜನೆ ಬಂದ ಮೇಲೆ ತಾಯಿಗೆ ಬಸ್ಸಿನ ಟಿಕೆಟ್ಟೂ ಇಲ್ಲ. ಆದರೂ ಮೊದಲು ಹೋಗುವುದು ವೈದ್ಯ ಪದವಿಯಿಲ್ಲದೆ ಔಷಧ ಕೊಡುವ ಊರಿನ ಆರ್‌ಎಂಪಿ ಹತ್ತಿರ. ಯಾಕೆಂದರೆ ಅವನು ರಾತ್ರಿ ಹತ್ತಕ್ಕೂ ಸಿಗುತ್ತಾನೆ, ಉದ್ರಿ ಬರೆದುಕೊಳ್ಳುತ್ತಾನೆ, ಒಂದು ದಿನದ ಕೂಲಿ ಉಳಿಯುತ್ತದೆ. ಅವನು ಸಲೈನ್ ಹಚ್ಚುತ್ತಾನೆ, ಎರಡು ದಿನದ ಗುಳಿಗೆ ಕೊಡುತ್ತಾನೆ. ಐದು ದಿನ ಬೇಕಾದ ಔಷಧ ಎರಡೇ ದಿನಕ್ಕೆ ನಿಂತು ರೋಗ ಅರ್ಧ ಅಡಗಿ ಮತ್ತೆ ಏಳುತ್ತದೆ. ಆಗ ಜೀಪು ಮಾಡಿಕೊಂಡು ಜಿಲ್ಲಾ ಕೇಂದ್ರಕ್ಕೆ ಓಡಬೇಕು.

ಆ ಓಟದ ಲೆಕ್ಕ ಹಾಕೋಣ. ಉದ್ಯೋಗ ಖಾತರಿಯ 2025-26ರ ದರ ದಿನಕ್ಕೆ 370 ರೂಪಾಯಿ ಇತ್ತು. ಗಂಡಹೆಂಡತಿ ಇಬ್ಬರೂ ಐದು ದಿನ ಆಸ್ಪತ್ರೆಯಲ್ಲಿ ಕೂತರೆ ಕೂಲಿಯೇ 3,700 ಹೋಯಿತು. ಜೀಪು, ಹೊರಗಿನ ಊಟ, ಹೊರಗೆ ಬರೆದುಕೊಟ್ಟ ಔಷಧ ಎಂದು ಜುಲೈಯಲ್ಲಿ ಹತ್ತು ಸಾವಿರ ಸಾಲ ತಂದರೆಂದು ಇಟ್ಟುಕೊಳ್ಳಿ, ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ. ತೊಗರಿ ಬರುವ ಜನವರಿಯವರೆಗೆ ಆರು ತಿಂಗಳ ಬಡ್ಡಿ 1,800. ಕ್ವಿಂಟಲ್‌ಗೆ 8,000ದ ಆ ವರ್ಷದ ಬೆಂಬಲ ಬೆಲೆಯೇ ಸಿಕ್ಕಿತೆಂದರೂ ಬಡ್ಡಿಗೇ ಇಪ್ಪತ್ತೆರಡೂವರೆ ಕಿಲೋ ತೊಗರಿ. ಒಡೆದರೆ ಹದಿನೈದು ಕಿಲೋ ಬೇಳೆಗೆ ಮೋಸವಿಲ್ಲ. ಒಂದು ಕೂಸಿಗೆ ದಿನಕ್ಕೆ 30 ಗ್ರಾಂನಂತೆ ವರ್ಷವಿಡೀ ಹಾಕಿದರೂ ಬೇಕಾಗುವುದು ಹನ್ನೊಂದು ಕಿಲೋ. ಒಂದು ಮಳೆಗಾಲದ ಭೇದಿ ಮುಂದಿನ ವರ್ಷದ ಬೇಳೆಯನ್ನು ಹೀಗೆ ತಿನ್ನುತ್ತದೆ. ತೊಗರಿಯ ಕಣಜ ಎನ್ನಿಸಿಕೊಂಡ ಜಿಲ್ಲೆಯ ಕೂಸಿಗೆ ಸಿಗುವುದು ಬೇಳೆಯ ಕಟ್ಟು, ಬೇಳೆಯಲ್ಲ. ಆರು ತಿಂಗಳು ತುಂಬಿದ ಕೂಸಿನ ಉಣಿಸು ಚಮಚ ಓರೆ ಮಾಡಿದರೆ ಹರಿದು ಬೀಳಬಾರದು, ಅಷ್ಟು ಗಟ್ಟಿ ಇರಬೇಕು: ಬೇಳೆಯಲ್ಲಿ ಕಿವುಚಿದ ರೊಟ್ಟಿ ಇಲ್ಲವೇ ಅನ್ನ, ಮೇಲೆ ಒಂದು ಚಮಚ ಎಣ್ಣೆ ಅಥವಾ ತುಪ್ಪ. ಅರ್ಧ ಬಟ್ಟಲಿನಂತೆ ಎರಡು ಮೂರು ಸಲ, ಒಂಬತ್ತು ತಿಂಗಳ ಮೇಲೆ ಮೂರು ನಾಲ್ಕು ಸಲ. ತಾಯಿ ಹೊಲಕ್ಕೆ ಹೋದರೆ ನಡುವಿನ ಉಣಿಸು ತಪ್ಪುವುದು ಎಂಟು ವರ್ಷದ ಅಕ್ಕನ ಕೈಯಲ್ಲಿ. ಪಂಚಾಯಿತಿಗಳ ಶಿಶುಪಾಲನಾ ಕೇಂದ್ರವಾದ ‘ಕೂಸಿನ ಮನೆ’ ಇದ್ದ ಕಡೆ ಅದನ್ನು ಬಳಸಿ, ಇಲ್ಲದ ಕಡೆ ಗ್ರಾಮಸಭೆಯಲ್ಲಿ ಕೇಳಿ.

ಆರು ತಿಂಗಳು ದಾಟಿದ ಕೂಸಿನ ಎಡರಟ್ಟೆಯ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಸುಮಾರು ಹದಿನಾಲ್ಕು ದಿನ ತಾಯಿಯೂ ಜತೆಗಿರಬೇಕು. ಕೂಲಿಗೆ ಪರಿಹಾರ ಕೊಡುತ್ತಾರೆ, ಆದರೆ ಮನೆಯಲ್ಲಿ ಉಳಿದ ಎರಡು ಮಕ್ಕಳಿಗೆ ರೊಟ್ಟಿ ಬಡಿಯುವವರಾರು ಎಂಬುದಕ್ಕೆ ಪರಿಹಾರವಿಲ್ಲ. ತೊಗರಿ ಕೊಯ್ಲಿನಲ್ಲಂತೂ ನಾಲ್ಕನೇ ದಿನಕ್ಕೇ ಎದ್ದು ಹೋಗುತ್ತಾರೆ.

ರೊಕ್ಕ ಸರಿಯಾದ ಹೊತ್ತಿಗೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಕೀನ್ಯಾದ ಸಿಯಾಯಾ ಕೌಂಟಿಯಲ್ಲಿ ನಡೆದ ಪ್ರಯೋಗವನ್ನು ನೋಡಿ. ಹತ್ತು ಸಾವಿರಕ್ಕೂ ಹೆಚ್ಚು ಬಡ ಮನೆಗಳಿಗೆ ಷರತ್ತಿಲ್ಲದೆ ತಲಾ ಸಾವಿರ ಡಾಲರ್ ಕೊಟ್ಟಿದ್ದರು. ವರ್ಷದೊಳಗಿನ ಮಕ್ಕಳ ಸಾವು ಶೇ. 48ರಷ್ಟು ಇಳಿಯಿತು ಎಂದು 2025ರಲ್ಲಿ ಪ್ರಕಟವಾಯಿತು. ಹೆರಿಗೆಯ ಆಸುಪಾಸಿನಲ್ಲೇ ರೊಕ್ಕ ಸಿಕ್ಕ ಮನೆಗಳಲ್ಲಿ, ವೈದ್ಯರಿರುವ ಆಸ್ಪತ್ರೆ ಹತ್ತಿರವಿದ್ದ ಕಡೆ ಫಲ ಹೆಚ್ಚು. ಬಸುರಿಯರು ಕೊನೆಯ ತಿಂಗಳುಗಳಲ್ಲಿ ದುಡಿಮೆಯನ್ನು ಅರ್ಧಕ್ಕೆ ಇಳಿಸಿದ್ದರು. ತಿರುಗುಮುರುಗಾದ ಲೆಕ್ಕವೂ ಇದೆ: 59 ದೇಶಗಳ 17 ಲಕ್ಷ ಹೆರಿಗೆಗಳ ಮಾಹಿತಿ ತಾಳೆ ಹಾಕಿದಾಗ ತಲಾ ಆದಾಯ ಶೇ. 1 ಕುಸಿದರೆ ಶಿಶುಮರಣ ಸಾವಿರಕ್ಕೆ 0.24ರಿಂದ 0.40ರಷ್ಟು ಏರುವುದು ಕಂಡಿತು, ಹೆಣ್ಣುಕೂಸುಗಳಲ್ಲಿ ಹೆಚ್ಚು. ನಮ್ಮ ಮಾತೃವಂದನಾ ಯೋಜನೆ ಮೊದಲ ಮಗುವಿಗೆ 5,000 ಕೊಡುತ್ತದೆ, 3,000 ಬಸಿರಿನಲ್ಲಿ, 2,000 ಹೆರಿಗೆಯ ನಂತರ ಮೊದಲ ಸುತ್ತಿನ ಲಸಿಕೆ ಮುಗಿದ ಮೇಲೆ. ಆಧಾರ್‌ನಲ್ಲಿ ತವರಿನ ವಿಳಾಸ, ಬ್ಯಾಂಕಿನಲ್ಲಿ ಇನ್ನೊಂದು ಹೆಸರು ಎಂದು ಮೊದಲ ಕಂತೇ ಕೂಸು ನಡೆಯಲಿಕ್ಕೆ ಕಲಿತ ಮೇಲೆ ಬಂದರೆ ಅದು ಬಸುರಿಯ ಹೊಟ್ಟೆಗೆ ಹೋಗುವುದು ಹೇಗೆ? ಮದುವೆಯಾದ ವರ್ಷವೇ ಆಧಾರ್, ಬ್ಯಾಂಕ್ ಖಾತೆ ಎರಡರಲ್ಲೂ ಹೆಸರು ಒಂದೇ ತೆರನಾಗಿ ಇರುವಂತೆ ಮಾಡಿಸಿ.

ತೊಗರಿ ಮುಗಿದು ಗುಳೆ ಹೊರಡುವ ಮನೆಗಳದ್ದು ಇನ್ನೊಂದು ಪಾಡು. ಬೆಂಗಳೂರು, ಪುಣೆ, ಹೈದರಾಬಾದಿನ ಕಟ್ಟಡಗಳ ಬುಡದಲ್ಲಿ ಶೀಟಿನ ಶೆಡ್ಡು, ಟ್ಯಾಂಕರ್ ನೀರು, ಅಂಗನವಾಡಿಯ ಪಟ್ಟಿಯಲ್ಲಿ ಹೆಸರಿಲ್ಲದ ಕೂಸು. ಒಂಬತ್ತು ತಿಂಗಳಿಗೆ ಬೀಳಬೇಕಾದ ದಡಾರದ ಲಸಿಕೆ, 16ರಿಂದ 24 ತಿಂಗಳೊಳಗಿನ ಎರಡನೆಯದು ಈ ಓಡಾಟದಲ್ಲೇ ತಪ್ಪುತ್ತವೆ. ಹೊರಡುವ ಮುಂಚಿನ ವಾರ ಸಿಸ್ಟರ್ ಹತ್ತಿರ ಹೋಗಿ ಮುಂದಿನ ಲಸಿಕೆಯ ತಾರೀಖು ಬರೆಸಿಕೊಳ್ಳಿ, ನಾಲ್ಕು ಓಆರ್‌ಎಸ್ ಪೊಟ್ಟಣ, ಒಂದು ಪಟ್ಟಿ ಜಿಂಕ್ ಕೇಳಿ ಪಡೆಯಿರಿ. ರೇಷನ್ ಅಕ್ಕಿ ಅಲ್ಲಿನ ಅಂಗಡಿಯಲ್ಲೂ ಹೆಬ್ಬೆಟ್ಟಿಗೆ ಸಿಗುತ್ತದೆ. ಬೆಂಗಳೂರಾದರೆ ನಮ್ಮ ಕ್ಲಿನಿಕ್‌ಗಳಲ್ಲಿ ದುಡ್ಡಿಲ್ಲದೆ ನೋಡುತ್ತಾರೆ. ಲಸಿಕೆ ಈಗ ಸರಕಾರದ ಆನ್‌ಲೈನ್ ದಾಖಲೆಯಾದ ಯು-ವಿನ್‌ನಲ್ಲಿ ಮೊಬೈಲ್ ನಂಬರಿನ ಮೇಲೆ ದಾಖಲಾಗುವುದರಿಂದ ಯಾವ ಊರಲ್ಲಿ ಬೇಕಾದರೂ ಹಾಕಿಸಬಹುದು. ಆದರೆ ಗುಳೆ ಹೋದವರು ಸಿಮ್ ಬದಲಿಸುವುದು ಹೆಚ್ಚು, ಆದ್ದರಿಂದ ದಾಖಲಿಸಿದ ನಂಬರನ್ನು ತಾಯಿ ಕಾರ್ಡಿನ ಹಿಂಬದಿಗೆ ಬರೆದಿಟ್ಟುಕೊಳ್ಳಿ.